ಕಾಕಾ ಅನ್ನಬಾರದ ಮನುಷ್ಯ

ಹಿಪ್ಪರಗಿ ಬ್ಯಾರೇಜಿನ ಆಚೆಗೆ ಕಬ್ಬಿನ ನಡುವೆ ಒಂದು ತೋಟದ ವಸ್ತಿ. ಅಲ್ಲಿ ಅನುರಾಧಾ ಅಂಗನವಾಡಿ ಟೀಚರ್. ಅಕ್ಷರ ಆಮೇಲೆ, ಮೊದಲು ನಾಲಿಗೆ ನೆಟ್ಟಗಾಗಬೇಕು ಅನ್ನುವವಳು. ಅಡುಗೆಯ ಸುಂದರವ್ವನಿಗೆ ಆಯಿ, ಹಾಲಿನವನಿಗೆ ಮಾಮಾ, ಕಬ್ಬು ಕಡಿಯಲು ಬಂದವರಿಗೂ ಅಣ್ಣಾ, ಅಕ್ಕಾ. ಬರೀ ಹೆಸರು ಹಿಡಿದು ಕೂಗಿದ ಮಗುವಿಗೆ ಸರಿಯಾಗಿ ಕರೆಯುವವರೆಗೆ ಆಟವಿಲ್ಲ. "ನಮ್ಮ ಹುಡುಗ ಎಮ್ಮಿಗೂ ರೀ ಅನ್ನಾಕತ್ತಾನ್ರಿ ಟೀಚರ," ಎಂದು ವಸ್ತಿಯವರು ನಗುತ್ತಿದ್ದರು. ಅವಳಿಗೆ ಅದೇ ದೊಡ್ಡ ಸನ್ಮಾನ.

ಅಂಗನವಾಡಿ ನಡೆಯುವ ಖೋಲಿ ಗಿರಮಲ್ಲಪ್ಪ ಸಾವಕಾರನದು. ಅವಳು ಗಂಡ ಜಕ್ಕಪ್ಪ, ಮಗಳು ಸುವರ್ಣಾಳ ಜೊತೆ ಇರುವ ತಗಡಿನ ಮನೆಯೂ ಅವನದೇ. ಜಕ್ಕಪ್ಪ ಹೊಡೆಯುವ ಟ್ರ್ಯಾಕ್ಟರ್ ಸಹ ಅವನದು. ಯಾವ ಕಡೆ ಹೊರಳಿದರೂ ಸಾವಕಾರನೇ. ಕೆಟ್ಟ ಮನುಷ್ಯ ಎಂದರೆ ಸುಳ್ಳಾದೀತು. ಹಬ್ಬಕ್ಕೆ ಸೀರೆ ಕೊಡುತ್ತಾನೆ, ಕೊಟ್ಟದ್ದನ್ನು ನಾಲ್ಕು ಜನರೆದುರು ಹೇಳುತ್ತಾನೆ, ಅಷ್ಟೇ.

ಅವನ ಮೊಮ್ಮಗಳು, ನಾಲ್ಕು ವರ್ಷದ ಸೌಂದರ್ಯಾ, ಇದೇ ಅಂಗನವಾಡಿಯ ಕೂಸು. ಒಂದು ದಿನ ಮನೆಗೆ ಬೀಗರು ಬಂದಿದ್ದರು. ಪಡಸಾಲೆಯಲ್ಲಿ ಊಟ ನಡೆದಿತ್ತು. ಹುಡುಗಿ ಅಂಗಳದಲ್ಲಿ ನಿಂತಿದ್ದ ಜಕ್ಕಪ್ಪನತ್ತ ತಿರುಗಿ, "ಜಕ್ಕಪ್ಪ ಕಾಕಾ, ನೀವೂ ಉಣ್ಣಾಕ ಬರ್ರಿ, ನನ್ನ ಬಾಜೂಕ ಕುಂಡ್ರಿ," ಎಂದಿತು. ಬೀಗರು ನಕ್ಕರು. ಸಾವಕಾರ ನಗಲಿಲ್ಲ.

ಮರುದಿನ ಮುಂಜಾನೆ ಮೊಮ್ಮಗಳ ಕೈ ಹಿಡಿದು ಅವನೇ ಅಂಗನವಾಡಿಗೆ ಬಂದ. ಟ್ರ್ಯಾಕ್ಟರಿನಲ್ಲಿ ಕರೆತಂದಿದ್ದ ಜಕ್ಕಪ್ಪ ಹೊರಗೆ ನಿಂತ.

"ಟೀಚರ, ಛಲೋ ಕಲಿಸಾಕತ್ತೀರಿ. ಆದ್ರ ಮನಿ ಆಳಿಗೆ ಕಾಕಾ ಅಂದ್ರ ಹೆಂಗ್ರಿ? ನಾ ಹೇಳಿದ್ರ ಕೇಳವಲ್ಲದು, ನಮ್ಮ ಟೀಚರ ಹೇಳಬೇಕು ಅಂತೈತಿ. ಏನಂತ ಕರೀಬೇಕು, ನೀವ ಹೇಳ್ರಿ."

"ಸಣ್ಣ ಕೂಸು ಐತ್ರಿ ಸಾವಕಾರ್ರ. ಮುಂದ ತಾನ ತಿಳಕೋತೈತಿ."

"ಮುಂದಲ್ಲ, ಈಗ. ಗೊಬ್ಬರದ ಚೀಲ ಇಡಾಕ ನನಗೂ ಒಂದು ಖೋಲಿ ಬೇಕಾಗೈತಿ ನೋಡ್ರಿ." ಅವನ ದನಿ ಮೆತ್ತಗೇ ಇತ್ತು.

ಅನುರಾಧಾ ಬಾಗಿಲತ್ತ ನೋಡಿದಳು. ಲಗ್ನದ ದಿನ ನಾದಿನಿಯರು ಬಾಗಿಲು ತಡೆದು ಕಾಡಿದಾಗ ಪ್ರಾಸದಲ್ಲಿ ಹೆಸರು ಪೋಣಿಸಿ ಒಡಪು ಕಟ್ಟಿ ನಾಚುತ್ತ ಹೇಳಿದ್ದು ಬಿಟ್ಟರೆ, ಎಂಟು ವರ್ಷದಲ್ಲಿ ಅವಳು ಗಂಡನ ಹೆಸರು ಬಾಯಿಗೆ ತಂದವಳಲ್ಲ. ಸರ್ವೆಗೆ ಬಂದವರು ಕೇಳಿದರೂ ಬರೆದು ತೋರಿಸುವವಳು. ಬಾಗಿಲಾಚೆ ಜಕ್ಕಪ್ಪ ನೆಲ ನೋಡುತ್ತ ನಿಂತಿದ್ದ. ಒಮ್ಮೆ ತಲೆ ಎತ್ತಿ ಬೇಡ ಅಂದಿದ್ದರೂ ಅವಳು ಹೇಳುತ್ತಿರಲಿಲ್ಲ. ಅವನು ಎತ್ತಲಿಲ್ಲ. ಸೌಂದರ್ಯಾ ಮಾತ್ರ ಟೀಚರ್ ಮುಖವನ್ನೇ ನಂಬಿಕೆಯಿಂದ ನೋಡುತ್ತಿತ್ತು.

"ಜಕ್ಕ್ಯಾ," ಎಂದಳು ಅನುರಾಧಾ, ಸಾವಕಾರ ಆಳನ್ನು ಕೂಗುವ ಹಾಗೆಯೇ. "ಜಕ್ಕ್ಯಾ ಅನ್ನಬೇಕವ್ವಾ."

ಟೀಚರ್ ಅಂದದ್ದನ್ನು ಎಲ್ಲರೂ ಕೂಡಿ ತಿರುಗಿ ಅನ್ನುವುದು ಅಂಗನವಾಡಿಯ ರೂಢಿ. ಹದಿನಾಲ್ಕು ಮಕ್ಕಳೂ ಒಂದೇ ಉಸಿರಿಗೆ "ಜಕ್ಕ್ಯಾ!" ಎಂದವು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಮುಂದೆ ಕೂತಿದ್ದ ಮಗಳು ಸುವರ್ಣಾ.

"ಬಂದೆ ನೋಡ್ರಿ," ಎಂದ ಜಕ್ಕಪ್ಪ. ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೆ ಕೈ ಕಟ್ಟಿ ನಿಂತ.