ಬೆಳಗಿಗೆ ಉಳಿದಷ್ಟೇ ಕಥೆ

ಬೀದಿಯವರ ಬಾಯಲ್ಲಿ ಆಕೆ ಕಥೆಯಮ್ಮ. ನ್ಯಾಯಾಲಯದ ಕಚೇರಿಯಲ್ಲಿ ವರ್ಷಗಟ್ಟಲೆ ಬೆರಳಚ್ಚು ಮಾಡಿ ನಿವೃತ್ತಳಾದವಳು, ಕನ್ನಡಕದ ಕಡ್ಡಿಗೆ ದಾರ ಸುತ್ತಿಕೊಂಡು ಓಡಾಡುವವಳು. ಇವಳು ಕಾದಂಬರಿ ಬರೆಯುತ್ತಾಳೆ ಅಂದರೆ ಹೊಸಬರು ಒಮ್ಮೆ ಮೇಲಿಂದ ಕೆಳಗೆ ನೋಡುತ್ತಿದ್ದರು. ಆದರೆ ಬಸ್ ನಿಲ್ದಾಣದ ಅಂಗಡಿಯಲ್ಲಿ ಬಾಚಣಿಗೆ, ಬೆಂಕಿಪೊಟ್ಟಣಗಳ ಪಕ್ಕದಲ್ಲಿ ತೂಗುಹಾಕಿದ ಪುಸ್ತಕಗಳಿವೆಯಲ್ಲ, ಅವುಗಳಲ್ಲಿ ಮೊದಲು ಖಾಲಿಯಾಗುತ್ತಿದ್ದುದು ಇವಳದೇ.

ಅವಳ ಕಾದಂಬರಿಗಳಿಗೆಲ್ಲ ನಾಯಕಿ ಒಬ್ಬಳೇ, ಬೀಗ ರಿಪೇರಿ ಮಾಡುವ ಕೀಲಿಯಜ್ಜಿ. ಪ್ರತಿ ಪುಸ್ತಕದಲ್ಲೂ ಯಾರದೋ ಮನೆಯಲ್ಲಿ ಒಂದು ಬೀಗ ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಅಜ್ಜಿ ಬರುತ್ತಾಳೆ, ತೆರೆಯುತ್ತಾಳೆ, ಒಳಗೆ ಆ ಮನೆಯವರು ಬಚ್ಚಿಟ್ಟ ಸಂಗತಿ ಹೊರಬೀಳುತ್ತದೆ. ಹತ್ತನೆಯ ಪುಸ್ತಕದ ಕೊನೆಯಲ್ಲಿ ಅಜ್ಜಿ ತನ್ನದೇ ಮನೆಯ ಕಬ್ಬಿಣದ ಬೀರು ತೆರೆಯುತ್ತಾಳೆ. ಬಾಗಿಲು ಅರ್ಧ ತೆರೆದಿರುವಾಗಲೇ ಕಥೆ ಮುಗಿಯುತ್ತದೆ. ಒಳಗೆ ಏನಿತ್ತು ಅನ್ನುವುದನ್ನು ಹನ್ನೊಂದನೆಯದು ಹೇಳಬೇಕು. ಓದುವವರು ಕಾದು ಕುಳಿತಿದ್ದರು. ಪ್ರಕಾಶಕರಂತೂ ಮುಖಪುಟವನ್ನೂ ಬರೆಸಿಟ್ಟುಕೊಂಡಿದ್ದರು.

ಇಷ್ಟೂ ಪುಸ್ತಕ ಹುಟ್ಟಿದ್ದು ಇಸ್ತ್ರಿ ಮೇಜಿನ ಪಕ್ಕದಲ್ಲಿ. ಕಥೆಯಮ್ಮನಿಗೆ ಮದುವೆಯಿಲ್ಲ, ಅವಳ ಅಕ್ಕನಿಗೆ ಗಂಡ ಉಳಿಯಲಿಲ್ಲ. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಳು. ಸಂಜೆ ಗಿರಾಕಿಗಳು ಕಡಿಮೆಯಾದ ಮೇಲೆ ತಂಗಿ ಸ್ಟೂಲು ಎಳೆದುಕೊಂಡು ಗೋಡೆಯ ಕಡೆ ಮುಖಮಾಡಿ ಕೂತು ಒಂದು ಅಧ್ಯಾಯ ಹೇಳುತ್ತಿದ್ದಳು. ಬರೆದದ್ದನ್ನು ಓದುತ್ತಿರಲಿಲ್ಲ, ಬಾಯಲ್ಲೇ ಹೇಳುವುದು. ಅಕ್ಕ ಅಂಗಿ ತಿರುವಿ ಹಾಕುತ್ತ ಕೇಳುತ್ತಿದ್ದಳು. ಇಸ್ತ್ರಿ ಪೆಟ್ಟಿಗೆಯ ಸದ್ದು ನಿಂತಿತೆಂದರೆ ಕಥೆ ಕಚ್ಚಿ ಹಿಡಿದಿದೆ ಎಂದರ್ಥ. ಒಮ್ಮೆ ಸದ್ದು ಎಷ್ಟು ಹೊತ್ತು ನಿಂತಿತೆಂದರೆ, ಒಬ್ಬ ಮೇಷ್ಟರ ಅಂಗಿಯ ತೋಳು ಹೊಗೆಯಾಡಿ ಹೋಯಿತು. ಅವತ್ತು ಅಕ್ಕತಂಗಿಯರು ಮೇಷ್ಟರ ಕಾಲು ಹಿಡಿಯುವುದೊಂದು ಬಾಕಿ, ಒಳಗೆ ಹೋಗಿ ಮಾತ್ರ ಬಿದ್ದು ಬಿದ್ದು ನಕ್ಕಿದ್ದರು.

ಆದರೆ ನಿಜವಾದ ಪರೀಕ್ಷೆ ಮಾರನೆಯ ಬೆಳಿಗ್ಗೆ. ಕಾಫಿ ಹೊತ್ತಿಗೆ ಅಕ್ಕ ಆ ಅಧ್ಯಾಯವನ್ನು ತಿರುಗಿ ಹೇಳಬೇಕು. ಅವಳ ಬಾಯಲ್ಲಿ ಬಂದಷ್ಟನ್ನು ಮಾತ್ರ ಕಥೆಯಮ್ಮ ಬರೆಯುತ್ತಿದ್ದಳು. ಅಕ್ಕ ಬಿಟ್ಟದ್ದು ಹೋಯಿತು, ಅದನ್ನು ತಿರುಗಿ ನೆನೆಸುವಂತೆಯೂ ಇಲ್ಲ. ಅದು ಇಬ್ಬರ ನಡುವಿನ ಕಟ್ಟುನಿಟ್ಟು. ಮೂರನೆಯ ಪುಸ್ತಕದಲ್ಲಿ ಒಬ್ಬ ಶ್ರೀಮಂತ ಮಾವನ ಮೀಸೆಯನ್ನೇ ಕಥೆಯಮ್ಮ ಬಹಳ ಹೊತ್ತು ಬಣ್ಣಿಸಿದ್ದಳು. ಬೆಳಿಗ್ಗೆ ಅಕ್ಕ ಹೇಳಿದ್ದು, “ಅವನ್ಯಾರೋ ಮೀಸೆಯವನು ಬಂದ, ಹೋದ.” ಪುಸ್ತಕದಲ್ಲಿ ಅಷ್ಟೇ ಇದೆ. ಅದನ್ನು ಮೆಚ್ಚಿಕೊಂಡವರು ಎಷ್ಟೋ ಜನ.

ಹನ್ನೊಂದನೆಯದರ ಮೊದಲ ಅಧ್ಯಾಯವನ್ನೂ ಹೀಗೇ ಹೇಳಿದಳು. ಬೆಳಿಗ್ಗೆ ಅಕ್ಕ ಲೋಟ ಕೈಯಲ್ಲಿ ಹಿಡಿದು, “ಚೆನ್ನಾಗಿತ್ತು” ಅಂದಳು.

“ಏನು ಚೆನ್ನಾಗಿತ್ತು?”

“ಅದೇ, ನೀನು ಹೇಳಿದ್ದು.”

ಕಥೆಯಮ್ಮನ ಮುಖ ಸಣ್ಣದಾಯಿತು. ಒಂದು ಎಳೆಯೂ ಉಳಿದಿಲ್ಲ ಅಂದರೆ ಅಧ್ಯಾಯ ಪೂರ್ತಿ ಜೊಳ್ಳು. ಆ ಸಂಜೆ ಬೀರುವಿನಲ್ಲಿ ಬೇರೇನೋ ಇಟ್ಟು ಹೇಳಿದಳು. ಬೆಳಿಗ್ಗೆ ಮತ್ತೆ “ಚೆನ್ನಾಗಿತ್ತು.” ಕೂಸಿನ ಅಂಗಿ ಇಟ್ಟಳು, ಒಡೆದ ಕನ್ನಡಿ ಇಟ್ಟಳು, ಬೀರುವನ್ನು ಬರಿದೇ ಬಿಟ್ಟು ನೋಡಿದಳು. ಮಳೆಗಾಲ ಹೋಗಿ ಚಳಿ ಬಂತು, ಚಳಿ ಹೋಗಿ ಬಿಸಿಲು ಬಂತು. ಕಾಗದದ ಮೇಲೆ ಒಂದಕ್ಷರ ಇಳಿಯಲಿಲ್ಲ. ತನ್ನ ಕಥೆ ಹೇಳುವ ನಾಲಿಗೆಯೇ ಸತ್ತುಹೋಗಿದೆ ಎಂದು ಅವಳು ತೀರ್ಮಾನಿಸಿಬಿಟ್ಟಳು. ಊಟ ರುಚಿಸಲಿಲ್ಲ. ಅಂಗಡಿ ಮುಂದೆ ಹಾದುಹೋಗುವ ಯಾರಾದರೂ ಅಜ್ಜಿಯ ಬೀರುವಿನಲ್ಲಿ ಏನಿತ್ತಮ್ಮ ಎಂದು ತಮಾಷೆಗೆ ಕೇಳಿದರೂ ಅವಳಿಗೆ ಗಾಯದಲ್ಲಿ ಮುಳ್ಳಾಡಿಸಿದಂತಾಗುತ್ತಿತ್ತು.

ಆ ದಿನಗಳಲ್ಲೇ ಅಂಗಡಿಯಲ್ಲಿ ಬಟ್ಟೆಗಳು ಅದಲುಬದಲಾಗತೊಡಗಿದ್ದವು. ಎದುರು ಮನೆಯ ಬೇಕರಿಯವನು ಒಮ್ಮೆ ಮೊಣಕಾಲಿನಿಂದ ಗೇಣು ಕೆಳಗೆ ಬರುವ ಪ್ಯಾಂಟು ತೊಟ್ಟು ಬಾಗಿಲಲ್ಲಿ ನಿಂತು, ಇದು ನನ್ನದಲ್ಲಕ್ಕ, ನಾನು ಹೀಗೆ ಬೆಳೆದಿದ್ದು ಯಾವಾಗ ಎಂದು ಕೇಳಿದ್ದ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಉಳಿದವರಿಗಿಂತ ಒಂದು ಗಳಿಗೆ ತಡವಾಗಿ. ಕಥೆಯಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವಳ ತಲೆಯಲ್ಲಿ ಬೀರು ಒಂದೇ ಇತ್ತು. ಒಂದು ಬೆಳಿಗ್ಗೆಯಂತೂ ತಡೆಯಲಾರದೆ ಲೋಟ ಕುಕ್ಕಿದಳು.

“ನನ್ನ ಕಥೆ ನಿಂಗೆ ಬೇಸರ ಬಂದಿದೆ. ಬಾಯಿಬಿಟ್ಟು ಹೇಳ್ಬಿಡಬಾರ್ದಾ ಅಕ್ಕ? ಸುಮ್ನೆ ಚೆನ್ನಾಗಿತ್ತು ಚೆನ್ನಾಗಿತ್ತು ಅಂತ ಯಾಕೆ ಕೊಲ್ತೀಯ?”

ಅಕ್ಕ ಕಾಫಿಯ ಕೆನೆಯನ್ನು ಬೆರಳಿನಿಂದ ಬದಿಗೆ ಸರಿಸಿದಳು. ಆಮೇಲೆ, “ಬೇಸರ ಯಾಕೆ ಬರತ್ತೆ ಮರಿ. ಇನ್ನೊಂದ್ಸಲ ಹೇಳು. ಈ ಸಲ ಗಟ್ಟಿಯಾಗಿ ಹಿಡ್ಕೋತೀನಿ” ಅಂದಳು.

ಆ ಮಾತಿನಲ್ಲಿ ಎಲ್ಲ ಇತ್ತು. ತಂಗಿಗೆ ಕೇಳಿಸಲಿಲ್ಲ.

ಕೇಳಿಸಿದ್ದು ಆಸ್ಪತ್ರೆಯಲ್ಲಿ. ಒಂದು ಮಧ್ಯಾಹ್ನ ಅಕ್ಕ ಬಿಸಿ ಪೆಟ್ಟಿಗೆಯನ್ನು ಬಟ್ಟೆಯ ರಾಶಿಯ ಮೇಲೆ ಬೋರಲು ಬಿಟ್ಟು ಹಿತ್ತಲಲ್ಲಿ ಹೋಗಿ ಕೂತಿದ್ದಳು. ಬೇಕರಿಯವನೂ ಅವನ ಹೆಂಡತಿಯೂ ಓಡಿಬಂದು ನೀರು ಸುರಿದು ಬೆಂಕಿ ಆರಿಸಿದರು. ಯಾಕಕ್ಕ ಹೀಗೆ ಮಾಡಿದೆ ಎಂದು ಕೇಳಿದರೆ, ಯಾರು ಮಾಡಿದ್ದು ಎಂದು ಅಕ್ಕನೇ ತಿರುಗಿ ಕೇಳಿದಳು. ಮಾರನೆಯ ದಿನ ಕಥೆಯಮ್ಮ ಅವಳನ್ನು ವೈದ್ಯೆಯ ಮುಂದೆ ಕೂರಿಸಿದಳು. ವೈದ್ಯೆ ಚಿಕ್ಕ ವಯಸ್ಸಿನ ಹುಡುಗಿ, ನಯವಾಗಿ ಮಾತಾಡಿಸಿದಳು. ನಿನ್ನೆ ಏನೇನು ಮಾಡಿದ್ರಿ ಅಮ್ಮ, ನಿನ್ನೆ ದಿನ ಹೇಗಿತ್ತು ಎಂದು ಕೇಳಿದಳು.

ಅಕ್ಕ ಸೆರಗು ಸರಿಮಾಡಿಕೊಂಡು, ಮನೆಗೆ ಬಂದ ನೆಂಟರಿಗೆ ನಗುವಂತೆ ನಕ್ಕು, “ಚೆನ್ನಾಗಿತ್ತು” ಅಂದಳು.

ಅದೇ ಮಾತು. ಅದೇ ದನಿ. ಕಾಫಿ ಲೋಟದ ಮೇಲಿನಿಂದ ದಿನಾ ಬೆಳಿಗ್ಗೆ ಕಂಡ ಅದೇ ನಗು. ಯಾವಾಗಿನಿಂದ ಹೀಗೆ ಎಂದು ವೈದ್ಯೆ ಕೇಳಿದಳು. ಕಥೆಯಮ್ಮನಷ್ಟು ಸರಿಯಾಗಿ ಅದು ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹನ್ನೊಂದನೆಯ ಪುಸ್ತಕ ಶುರುಮಾಡಿದಾಗಿನಿಂದ.

ಬರುವಾಗ ಬಸ್ಸಿನಲ್ಲಿ ಅಕ್ಕ ಅವಳ ಹೆಗಲಿಗೆ ಒರಗಿ ನಿದ್ದೆ ಹೋದಳು. ಆಗ ಕಥೆಯಮ್ಮನಿಗೆ ಮೊದಲು ಹೊಳೆದದ್ದು ಅಕ್ಕನ ಗತಿಯಲ್ಲ, ತನ್ನ ಅಧ್ಯಾಯಗಳು. ಜೊಳ್ಳೆಂದು ಬಿಟ್ಟದ್ದು ಜೊಳ್ಳಾಗಿರಲಿಲ್ಲವೇನೋ. ಅದರಲ್ಲಿ ಯಾವುದೋ ಒಂದು ಅವಳ ಜೀವಮಾನದ ಕಥೆಯಾಗಿತ್ತೇನೋ. ಹಾಗೆ ಹೊಳೆದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹೇಸಿಗೆಪಡುತ್ತಲೇ ನೆನಪಿಸಿಕೊಳ್ಳಲು ನೋಡಿದಳು. ಕೂಸಿನ ಅಂಗಿ ಯಾರದಾಗಿತ್ತು? ಕನ್ನಡಿ ಒಡೆದವರು ಯಾರು? ತಿರುಗಿ ನೆನೆಸಬಾರದು ಎಂದು ತಾನೇ ಪಳಗಿಸಿಕೊಂಡ ತಲೆ ಬಾಗಿಲು ತೆರೆಯಲಿಲ್ಲ. ಬಾಯಲ್ಲಿ ಹೇಳಿದ ಕಥೆ ಗೋಡೆಗೆ ತಾಗಿ ಹೋಗಿತ್ತು. ಇದ್ದ ಒಂದೇ ಉಗ್ರಾಣ ಅಕ್ಕ. ಆ ಉಗ್ರಾಣದ ತಳ ಕಳಚಿ ವರ್ಷವಾಗುತ್ತ ಬಂದಿತ್ತು.

ಹಾಗಂತ ಅವಳು ಕೈಕಟ್ಟಿ ಕೂರಲಿಲ್ಲ. ಬೇಕರಿಯವನ ಹೆಂಡತಿಯನ್ನು ಕರೆದು ಒಂದು ಅಧ್ಯಾಯ ಹೇಳಿದಳು. ಆಕೆ ಬೆಳಿಗ್ಗೆ ಬಂದು ನಡುವೆ ಕಥೆಯಮ್ಮ ಕೆಮ್ಮಿದ್ದನ್ನೂ ಬಿಡದಂತೆ ಪೂರಾ ಒಪ್ಪಿಸಿದಳು.

“ಎಲ್ಲಾ ನೆನಪಿದೆ ಕಥೆಯಮ್ಮ. ಒಂದು ಮಾತು ಬಿಟ್ಟಿದ್ರೆ ಕೇಳಿ.”

ಒಂದು ಮಾತೂ ಬಿಟ್ಟಿರಲಿಲ್ಲ, ಕಷ್ಟ ಅದೇ. ಕಾಳು ಯಾವುದು ಹೊಟ್ಟು ಯಾವುದು ಅಂತ ಹೇಳದ ಮೊರ ಕಟ್ಟಿಕೊಂಡು ಏನು ಮಾಡುವುದು? ಆಮೇಲೆ ಯಾರ ಹಂಗೂ ಬೇಡವೆಂದು ನೇರವಾಗಿ ಟೈಪ್ ಮಾಡಲು ಕೂತಳು. ಹಾಳೆಯ ಮೇಲೆ ಇಳಿದದ್ದು ಕಚೇರಿಯ ಕನ್ನಡ: ಸದರಿ ಅಜ್ಜಿಯು ಸದರಿ ಬೀರುವನ್ನು ತೆರೆಯಲಾಗಿ. ಓದಿ ಅವಳಿಗೇ ನಗು ಬಂತು. ನಗು ಎಲ್ಲಿ ಅಳುವಾಯಿತೋ ಅವಳಿಗೆ ತಿಳಿಯಲಿಲ್ಲ.

ಅಂಗಡಿ ಮುಚ್ಚಿದರು. ಅಕ್ಕ ಮಾತ್ರ ಸಂಜೆಯಾದರೆ ಖಾಲಿ ಮೇಜಿನ ಮುಂದೆ ಬಂದು ನಿಂತು ಅಂಗೈಯಿಂದ ಅದನ್ನು ಸವರುತ್ತಿದ್ದಳು. ಕಥೆ ಹೇಳು ಅನ್ನುತ್ತಿದ್ದಳು. ಹೇಳಿದರೆ ಕೇಳುತ್ತಿದ್ದಳು ಕೂಡ. ಸರಿಯಾದ ಜಾಗದಲ್ಲಿ ಕೈ ನಿಲ್ಲುತ್ತಿತ್ತು, ಸರಿಯಾದ ಜಾಗದಲ್ಲಿ “ಆಮೇಲೆ?” ಎಂದು ಕೇಳುತ್ತಿದ್ದಳು. ಎಲ್ಲ ಹೋದರೂ ಆ ಒಂದು ಮಾತು ಹೋಗಿರಲಿಲ್ಲ. ಕಥೆಯಮ್ಮನನ್ನು ಹೆಚ್ಚು ಹಿಂಡಿದ್ದು ಅದೇ. ರಾತ್ರಿ ಮಲಗುವ ಹೊತ್ತಿಗೆ ಅವಳ ಎದೆಯಲ್ಲಿ ಆಸೆ ಚಿಗುರುತ್ತಿತ್ತು. ಬೆಳಿಗ್ಗೆ ಕಾಫಿ ಲೋಟದ ಮೇಲಿನಿಂದ ಅದೇ ನಗು.

ಕೊನೆಗೆ ಪ್ರಕಾಶಕರು ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ವಿಷಯಕ್ಕೆ ಬಂದರು. ಬರೆಯುವ ಹುಡುಗನೊಬ್ಬನಿದ್ದಾನೆ, ನಿಮ್ಮ ಶೈಲಿ ಚೆನ್ನಾಗಿ ಹಿಡಿಯುತ್ತಾನೆ, ಬೀರುವಿನಲ್ಲಿ ಏನಿತ್ತು ಅಂತ ನೀವು ಬಾಯಲ್ಲಿ ಹೇಳಿದರೂ ಸಾಕು, ಮಿಕ್ಕಿದ್ದು ಅವನು ನೋಡಿಕೊಳ್ಳುತ್ತಾನೆ ಅಂದರು.

“ನಂಗೇ ಗೊತ್ತಿಲ್ಲ ಸಾರ್,” ಅಂದಳು ಕಥೆಯಮ್ಮ. “ಗೊತ್ತಿತ್ತು ಅನ್ಸತ್ತೆ. ಈಗಿಲ್ಲ. ಅಜ್ಜಿನ ಅಲ್ಲೇ ಬಿಟ್ಬಿಡಿ. ಹನ್ನೊಂದನೇದು ಇಲ್ಲ.”

ಆ ಕಡೆಯಿಂದ ಅವರು ಇನ್ನೂ ಏನೋ ಹೇಳುತ್ತಿದ್ದರು. ಅವಳು ನಿಧಾನವಾಗಿ ಫೋನು ಇಟ್ಟು ಅಡುಗೆಮನೆಗೆ ಬಂದಳು. ಅಕ್ಕ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಕಾಳನ್ನೂ ಸಿಪ್ಪೆಯನ್ನೂ ಒಂದೇ ತಟ್ಟೆಗೆ ಹಾಕುತ್ತಿದ್ದಳು. ಕಥೆಯಮ್ಮ ಪಕ್ಕದಲ್ಲಿ ಕೂತು ಬೇರೆ ಮಾಡತೊಡಗಿದಳು.

“ಯಾರದು ಫೋನು?” ಅಕ್ಕ ಕೇಳಿದಳು.

“ಪ್ರಕಾಶಕರು. ಪುಸ್ತಕ ಕೇಳ್ತಿದ್ರು.”

“ಪುಸ್ತಕನಾ?” ಅಕ್ಕನಿಗೆ ಸೋಜಿಗ. “ನಮ್ಮನೇಲಿ ಯಾರು ಬರೀತಾರೆ?”

ಕಥೆಯಮ್ಮನ ಕೈ ತಟ್ಟೆಯಲ್ಲೇ ನಿಂತಿತು. “ಯಾರೂ ಇಲ್ಲ ಅಕ್ಕ.”

“ಹಾಗಂತ ಹೇಳ್ಬಿಡು ಮತ್ತೆ. ಪಾಪ, ಕಾಯ್ತಾ ಇರ್ತಾರೆ.”

“ಹೇಳಿದೀನಿ,” ಅಂದಳು ತಂಗಿ.