ಹತ್ಸುಯೊ ಬಿಗಿದ ಗಂಟು

ಹತ್ಸುಯೊ ಹನ್ನೆರಡನೇ ವಯಸ್ಸಿಗೇ ಒಕಾಯ ಊರಿನ ಫಿಲೇಚರ್, ಅಂದರೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ, ಸೇರಿದವಳು. ಇಪ್ಪತ್ತು ವರ್ಷ ಕುದಿನೀರಿನ ಮುಂದೆ ಕೂತು ಗೂಡಿನಿಂದ ಎಳೆ ತೆಗೆದೂ ತೆಗೆದೂ ಬೆರಳ ತುದಿಗಳು ಬೆಳ್ಳಗೆ ಬೆಂದುಹೋಗಿದ್ದವು. ಫಿಲೇಚರ್ ಮುಚ್ಚಿದಾಗ ರೇಷ್ಮೆ ಸಂಶೋಧನಾ ಕೇಂದ್ರದ ಮಿಯಾಸಾಕ ಮೇಷ್ಟ್ರು ಆ ಬೆರಳುಗಳನ್ನು ನೋಡಿಯೇ ಅವಳಿಗೆ ಕೆಲಸ ಕೊಟ್ಟರು.

ಮೇಷ್ಟ್ರ ತಲೆಯಲ್ಲಿ ಒಂದೇ ಹುಚ್ಚು. ಹುಳುವಿನ ಎದೆಯೊಳಗೆ ಪೊರೆಯಂತೆ ತೆಳ್ಳಗಿನ ಗ್ರಂಥಿಯೊಂದಿದೆ. ಅದು ರಕ್ತಕ್ಕೆ ಬಿಡುವ ರಸವೇ ಇಡೀ ಮೈಗೆ 'ಇನ್ನು ಕೋಶವಾಗು', ಅಂದರೆ ಚಿಟ್ಟೆಯಾಗುವ ಮೊದಲಿನ ಚಿಪ್ಪಿನ ರೂಪ ತಾಳು, ಎಂದು ಹೇಳುತ್ತದೆ. ಹಾಗಿದ್ದರೆ, ಆ ರಸ ಹರಿಯುವ ಮೊದಲೇ ಎದೆಭಾಗ ಮುಗಿಯುವಲ್ಲಿ, ಸೊಂಟಕ್ಕೆ ದಾರ ಬಿಗಿದರೆ ಮುಂದಿನರ್ಧ ಕೋಶವಾಗಬೇಕು, ಹಿಂದಿನರ್ಧ ಹುಳುವಾಗಿಯೇ ಉಳಿಯಬೇಕು. ಕಟ್ಟುವ ಕೆಲಸ ಹತ್ಸುಯೊಳದು.

ಮೂವತ್ತು ಹುಳುಗಳನ್ನು ಕಟ್ಟಿದಳು. ಮೂವತ್ತೂ ತಲೆಯಿಂದ ಬಾಲದವರೆಗೆ ಕಂದು ಕೋಶಗಳಾದವು.

"ಮುಗೀತು ಹತ್ಸುಯೊ," ಮೇಷ್ಟ್ರು ಕನ್ನಡಕ ತೆಗೆದಿಟ್ಟರು. "ಟೋಕಿಯೋದ ಪ್ರೊಫೆಸರುಗಳು ನನ್ನ ಮಾತಿಗೆ ನಕ್ಕಿದ್ದೇ ಸರಿ. ಈ ಕೆಲಸ ಕೈಬಿಟ್ಟೆ ಅಂತ ಅವರಿಗೆ ಕಾಗದ ಬರೆದಿಟ್ಟಿದ್ದೀನಿ. ನಾಳೆ ಟಪಾಲಿಗೆ ಹಾಕು."

ಹತ್ಸುಯೊ ಕಾಗದವನ್ನು ಎತ್ತಿಕೊಂಡವಳು ಮತ್ತೆ ಮೇಜಿನ ಮೇಲಿಟ್ಟಳು. ನಿಜ ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ಮೇಷ್ಟ್ರ ಆರು ವರ್ಷದ ದುಡಿಮೆಯೇ ಹೋಗುತ್ತದೆ.

"ಮೇಷ್ಟ್ರೇ... ನಾನು ಬಿಗಿಯಾಗಿ ಕಟ್ಟಿರಲಿಲ್ಲ."

"ಏನಂದೆ?"

"ರೇಷ್ಮೆ ಸಾಕೋ ಮನೆ ನಮ್ದು, ಅಲ್ಲಿ ಅವರನ್ನ ಯಾರೂ ಹುಳ ಅಂದೋರಲ್ಲ, ರೇಷ್ಮೆ ದೊರೆಗಳು ಅಂತಿದ್ವಿ. ಅವರು ಸೊಪ್ಪು ತಿನ್ನೋವಾಗ ಜೋರಾಗಿ ಮಾತೂ ಆಡ್ತಿರಲಿಲ್ಲ. ಅಂಥೋರ ಸೊಂಟಕ್ಕೆ ಉರುಲು ಹಾಕೋಕೆ ಕೈ ಬರಲಿಲ್ಲ. ದಾರ ಸುಮ್ನೆ ಸುತ್ತಿದೆ."

ಮೇಷ್ಟ್ರು ಎದ್ದ ರಭಸಕ್ಕೆ ಕುರ್ಚಿ ಉರುಳಿತು. "ಅಯ್ಯೋ ಮಹಾತಾಯಿ! ರಸ ಆ ಸಂದೀಲೇ ಹಿಂದಕ್ಕೆ ಹೋಗಿದೆ! ನಿನ್ನ ಮರ್ಯಾದೆ ನನ್ನ ತಲೆ ತೆಗೀತಿತ್ತಲ್ಲೇ!" ಬೈಯುತ್ತಲೇ ನಗುತ್ತಿದ್ದರು. "ಹುಳು ಇನ್ನೂ ಇದಾವಾ?"

"ಕೊನೇ ತಟ್ಟೇಲಿ ಒಂಬತ್ತು ಜನ ಇದಾರೆ. ಹಿಪ್ಪುನೇರಳೆ ಸೊಪ್ಪೂ ಈ ವರ್ಷಕ್ಕೆ ಅಷ್ಟೇ."

ಕೇಂದ್ರದ ಹಿತ್ತಿಲಲ್ಲಿ, ಸತ್ತ ರೇಷ್ಮೆಹುಳುಗಳಿಗಾಗಿ ಪ್ರತಿವರ್ಷ ಪ್ರಾರ್ಥನೆ ನಡೆಯುವ ಕಲ್ಲಿತ್ತು. ಹತ್ಸುಯೊ ಅದರ ಮುಂದೆ ಗೂಡಿನಾಕಾರದ ಅಕ್ಕಿಹಿಟ್ಟಿನ ಉಂಡೆಗಳನ್ನಿಟ್ಟು ಬಂದಳು. ಆಮೇಲೆ ಮೇಷ್ಟ್ರು ಹೇಳಿದ ಹೊತ್ತಿಗೆ ಸರಿಯಾಗಿ, ಒಂದೊಂದು ಹುಳುವಿಗೂ "ತಪ್ಪಾಯ್ತು, ಕ್ಷಮಿಸಿ" ಎನ್ನುತ್ತಾ, ಫಿಲೇಚರಿನಲ್ಲಿ ತುಂಡಾದ ಎಳೆಗೆ ಹಾಕುತ್ತಿದ್ದ ಜಾರದ ಗಂಟನ್ನೇ ಹಾಕಿ ಬಿಗಿದಳು.

ದಿನಗಳು ಕಳೆದವು. ಒಂದು ಬೆಳಿಗ್ಗೆ ತಟ್ಟೆ ನೋಡಿದವಳೇ ಬರಿಗಾಲಲ್ಲಿ ಓಡಿದಳು.

"ಮೇಷ್ಟ್ರೇ! ಮುಂದೆ ಕೋಶ! ಹಿಂದೆ ಹುಳು!"

ಒಂಬತ್ತರಲ್ಲಿ ಎಂಟು ಹಾಗೇ ಇದ್ದವು. ಗಂಟಿನ ಮುಂದೆ ಕಂದು ಚಿಪ್ಪು, ಹಿಂದೆ ಹಾಲುಬಿಳಿ ಮೈ. ಮೇಷ್ಟ್ರು ಕುಂಚದ ತುದಿ ತಾಗಿಸಿದರೆ ಹಿಂದಿನರ್ಧ ಮಿಸುಕಿತು. ಇಬ್ಬರೂ ಮಕ್ಕಳಂತೆ ಕೂಗಿದರು. ಮೇಷ್ಟ್ರು ತಡಬಡಾಯಿಸಿ, ಟಪಾಲಿಗೆ ಹೋಗದೇ ಉಳಿದಿದ್ದ ಟೋಕಿಯೋದ ಕಾಗದವನ್ನೇ ಮಗುಚಿ, ಅದರ ಬೆನ್ನಿಗೆ ಹುಳುವಿನ ಚಿತ್ರ ಬರೆದರು. ಸೊಂಟದಲ್ಲಿ ದಾರ ತೋರಿಸುವ ಗೆರೆಯ ಪಕ್ಕ 'ಗಂಟು: ಹತ್ಸುಯೊ' ಎಂದು ಬರೆದರು.

ಅವಳು ಬಗ್ಗಿ ನೋಡಿದಳು. "ಗೆರೆ ದಪ್ಪ ಆಯ್ತು ಮೇಷ್ಟ್ರೇ. ನನ್ನ ದಾರ ಇದಕ್ಕಿಂತ ತೆಳ್ಳಗಿತ್ತು."