ಕೆರೆಯಡಿಯ ಕಪ್ಪು ಗೆರೆ

ಸರಕು ನೋಡುವ ಕಣ್ಣಿಗೆ ಅಕ್ಕ ಅಂಥ ಲಾಭದ ಗಿರಾಕಿಯಲ್ಲ. ಐವತ್ತು ದಾಟಿದ ವಯಸ್ಸು, ಕಡ್ಡಿಯಂಥ ಮೈ, ಹರಿದ ಚಪ್ಪಲಿಯನ್ನೇ ಮತ್ತೆ ಮತ್ತೆ ಹೊಲಿಸಿ ಮೆಟ್ಟುವ ಜಾಯಮಾನ. ಚೌಕಾಸಿಗೆ ನಿಂತರೆ ಅಂಗಡಿಯವನೇ ಕೈಮುಗಿಯಬೇಕು. ಬೆಲೆಬಾಳುವುದು ಆ ಕೈ ಒಂದೇ. ಉದ್ದನೆಯ ಕೊಳವೆಯಲ್ಲಿ ತಂದ ಕೆರೆಯ ಕೆಸರನ್ನು ತಂತಿ ಎಳೆದು ಎರಡು ಹೋಳು ಮಾಡಿದಳೆಂದರೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಕೆಲಸ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ. ಅಲ್ಲಿಗೆ ಕೊಳವೆ ಒದಗಿಸುತ್ತಿದ್ದ ಪ್ಲಾಸ್ಟಿಕ್ ಅಂಗಡಿಯವನು ಹೋದಾಗಲೆಲ್ಲ ಕೆಣಕದೆ ಬರುತ್ತಿರಲಿಲ್ಲ.

"ಏನಕ್ಕಾ, ಇವತ್ತು ಕೆಸರು ಕೆಜಿಗೆ ಎಷ್ಟು?"

"ನಿಮ್ಮಂಥೋರಿಗೆ ಪುಕ್ಕಟೆ ಸಾಹುಕಾರ್ರೇ. ಮುಖಕ್ಕೆ ಹಚ್ಕೊಳ್ಳಿ, ಸ್ವಲ್ಪ ಕಳೆನಾದ್ರೂ ಬರ್ಲಿ."

ಎರಡು ಹೋಳಿನಲ್ಲಿ ಒಂದು ತಣ್ಣನೆಯ ಕೋಣೆಗೆ. ಅದನ್ನು ಯಾರೂ ಮುಟ್ಟುವಂತಿಲ್ಲ. ಇನ್ನೊಂದು ಪರೀಕ್ಷೆಗೆ. ಅದರ ಮೈಯನ್ನು ಅಲಗಿನಿಂದ ಅಡ್ಡಡ್ಡಕ್ಕೇ ಹೆರೆಯಬೇಕು. ಉದ್ದಕ್ಕೆ ಎಳೆದರೆ ಒಂದು ವರ್ಷದ ಮಣ್ಣು ಇನ್ನೊಂದು ವರ್ಷಕ್ಕೆ ಬಳಿದು, ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಆ ದಿನ ಸೀಳಿದ್ದು ಊರ ಕೆರೆಯದೇ ಕೆಸರು. ಕೆಳಗೆಲ್ಲ ಉಗುರಿನ ದಪ್ಪದ ಕಂದು ಗೆರೆಗಳು, ಗೆರೆಗೊಂದು ವರ್ಷ. ಮೇಲಕ್ಕೆ ಬಂದಂತೆ ಒಂದು ಕಪ್ಪು ಪಟ್ಟಿ.

ಅಲ್ಲಿನ ವಿಜ್ಞಾನಿ ಮೇಡಂ ಕನ್ನಡಕ ಏರಿಸಿದರು. "ನೋಡಿ ಅಕ್ಕ, ಇದು ಕಾಡು ಉರಿದ ಬೂದಿ ಅಲ್ಲ. ದೊಡ್ಡ ಕುಲುಮೇಲಿ ಕಲ್ಲಿದ್ದಲು ಉರಿದಾಗ ಹಾರೋ ಮಸಿ ಗುಂಡುಗಳು. ಮನುಷ್ಯ ಭೂಮಿಯನ್ನೇ ಬದಲಾಯಿಸಿದ ಕಾಲ ಅಂತ ಒಂದಿದ್ರೆ, ಇಂಥ ಗೆರೆಗಳೇ ಅದಕ್ಕೆ ಸಾಕ್ಷಿ. ಹೊಸ ಯುಗ ಅನ್ನೋಣ್ವಾ ಬೇಡ್ವಾ ಅಂತ ಪಂಡಿತರು ಇನ್ನೂ ಕಿತ್ತಾಡ್ತಾ ಇದ್ದಾರೆ. ಮಸಿ ಬೇರ್ಪಡಿಸೋಕೆ ನಾಳೆ ಇದನ್ನ ಆಸಿಡ್‌ಗೆ ಹಾಕ್ಬೇಕು."

ಹೀಗೆಂದು ಚಹಾ ಕುಡಿಯಲು ಹೋದರು. ಅಕ್ಕನ ಕಣ್ಣು ಪಟ್ಟಿ ಬಿಟ್ಟು ಕದಲಲಿಲ್ಲ.

ಕೆರೆದಂಡೆಯಲ್ಲಿ ಒಂದು ಕಾಲಕ್ಕೆ ಇದ್ದದ್ದು ಒಂದೇ ಚಿಮಣಿ, ಕರೆಂಟು ತಯಾರಿಸುವ ಕಾರ್ಖಾನೆಯದು. ಅದರ ಒಲೆಗೆ ಕಲ್ಲಿದ್ದಲು ತುಂಬುತ್ತಿದ್ದವನು ಅವಳ ಅಪ್ಪ. ಸಂಜೆ ಹೊಸ್ತಿಲ ಮೇಲೆ ಕೂತು ಮುಖ ಒಡ್ಡುತ್ತಿದ್ದ. ಪುಟ್ಟ ಹುಡುಗಿ ಹೆಬ್ಬೆರಳಿನಿಂದ ಕೆನ್ನೆಯ ಮಸಿ ಒರೆಸಿ, "ಸಿಕ್ಕಿದ್ರು ನಮ್ಮಪ್ಪ!" ಎಂದು ಕೇಕೆ ಹಾಕುತ್ತಿದ್ದಳು. ಎದೆಯಲ್ಲಿ ಹೊಗೆ ಕೂತು ಅಪ್ಪ ಬೇಗ ಹೋದ. ಆಮೇಲೆ ಚಿಮಣಿಯನ್ನೂ ಕೆಡವಿದರು. ಒಂದು ಫೋಟೋ ಇಲ್ಲ. ಅಪ್ಪನ ಮುಖ ನೆನೆಯಲು ಹೋದರೆ ಅವಳಿಗೆ ಕಾಣುವುದು ಮಸಿ ಮಾತ್ರ.

ಅಡ್ಡಡ್ಡಕ್ಕೇ ಹೋಗಿ ಪಳಗಿದ ಕೈ. ಅಲಗನ್ನು ಪಕ್ಕಕ್ಕಿಟ್ಟು, ಹೆಬ್ಬೆರಳಿನಿಂದ ಆ ಕಪ್ಪನ್ನು ಉದ್ದಕ್ಕೆ, ಮೆಲ್ಲಗೆ, ಕೆನ್ನೆ ಒರೆಸುವ ಹಾಗೆ ಒರೆಸಿಬಿಟ್ಟಿತು.

"ಅಯ್ಯೋ ಅಕ್ಕಾ, ಏನ್ ಮಾಡ್ಬಿಟ್ರಿ!" ಮೇಡಂ ಬಾಗಿಲಲ್ಲೇ ನಿಂತರು.

"ನಮ್ಮಪ್ಪ, ಮೇಡಂ..." ಹೆಬ್ಬೆರಳಿನ ಕಪ್ಪನ್ನು ತೋರಿಸಿದಳು. ಆಮೇಲೆ ಎಲ್ಲ ಹೇಳಿದಳು, ಹೊಸ್ತಿಲಿನಿಂದ ಹಿಡಿದು.

ಮೇಡಂ ಬಂದು ಒರೆಸಿದ ಜಾಗವನ್ನು ಬಗ್ಗಿ ನೋಡಿದರು. ಇನ್ನು ಪರೀಕ್ಷೆಗೆ, ತಣ್ಣನೆಯ ಕೋಣೆಯ ಮುಟ್ಟಬಾರದ ಹೋಳಿನಿಂದಲೇ ಚೂರು ಕೊಯ್ಯಬೇಕು. ಅದಕ್ಕೆ ಅಪ್ಪಣೆ ಕೇಳಿದರೆ ಮೇಲಿನವರ ಬೈಗುಳ ಅವರಿಗೂ ಕಾದಿತ್ತು. ಆದರೂ ಕೆಟ್ಟ ಭಾಗವನ್ನು ಕೊಯ್ದು ಪುಟ್ಟ ಗಾಜಿನ ಬಟ್ಟಲಿಗೆ ಹಾಕಿದರು. "ಇದು ಪರೀಕ್ಷೆಗೆ ಬರಲ್ಲ. ಚರಂಡಿಗೆ ಸುರೀತೀರೋ, ಮನೆಗೆ ಒಯ್ತೀರೋ, ನಾನಂತೂ ನೋಡ್ಲಿಲ್ಲ."

ಮನೆಯಲ್ಲಿ ಅಕ್ಕ ದಿನವೂ ಅದಕ್ಕೆ ಒದ್ದೆಬಟ್ಟೆ ಹೊದಿಸಿದಳು. ಒಣಗಿದರೆ ಕೆಸರು ಬಿರಿದು ಪುಡಿಯಾಗುತ್ತದೆ. ಕೊನೆಗೆ ಬಟ್ಟಲು ಹಿಡಿದು ಪ್ಲಾಸ್ಟಿಕ್ ಅಂಗಡಿಗೇ ಬಂದು, ನಡೆದದ್ದನ್ನೆಲ್ಲ ಹೇಳಿದಳು.

"ಸಾಹುಕಾರ್ರೇ, ಗಾಳಿ ಆಡದಂಥ ಒಂದು ಮುಚ್ಚಳ ಕೊಡಿ."

"ಅದಕ್ಕೇನಕ್ಕಾ! ನನ್ನ ಪ್ಲಾಸ್ಟಿಕ್ಕು ನಾವು ಸತ್ತ ಮೇಲೂ ಸಾಯಲ್ಲ."

"ಗೊತ್ತು ಬಿಡಿ. ಅಪ್ಪನ ಮಸಿಗಿಂತ ಮೇಲಿನ ಗೆರೇಲಿ ನೀಲಿ ಬಕೆಟ್ಟಿನ ಚೂರೂ ಸಿಕ್ಕಿದೆ. ನಿಮ್ದೇ ಇರ್ಬೇಕು."

ಅಂಗಡಿಯವನು ಮುಚ್ಚಳ ಹುಡುಕಲು ಎದ್ದ. ಅಂಗಡಿಯೆಲ್ಲ ಕೆದಕಿದ. ಒಂದು ದೊಡ್ಡದು, ಒಂದು ಸಣ್ಣದು. ಆ ಬಟ್ಟಲ ಬಾಯಿಗೆ ಯಾವುದೂ ಕೂರಲಿಲ್ಲ.

"ತರಿಸ್ಕೊಡ್ತೀನಿ ಅಕ್ಕಾ."

"ಬೇಗ, ಸಾಹುಕಾರ್ರೇ. ಅಂಚು ಬಿರೀತಾ ಇದೆ."

ಇನ್ನೂ ಬಿರಿಯುತ್ತಲೇ ಇದೆ. ಇದನ್ನು ಬರೆದ ಅಂಗಡಿಯವನು ಅಕ್ಕನಿಗೆ ಒಂದು ಮುಚ್ಚಳ ಬಾಕಿ ಇಟ್ಟಿದ್ದಾನೆ.